ಅತ್ತೆಯ ಸಾಕ್ಷಿ

ವಿಧವಾ ವೇತನ ಒಮ್ಮೆಲೇ ನಿಂತುಹೋದಾಗ ಕಸ್ತೂರೆವ್ವ ಅತ್ತೆಯನ್ನು ಕರೆದುಕೊಂಡು ತಾಲ್ಲೂಕು ಕಚೇರಿಗೆ ಹೋದಳು. ಗಂಡ ಫಕ್ಕೀರಪ್ಪ ಹೊಳೆಯ ಪಾಲಾದ ಮೇಲೆ ಮುದುಕಿಗೆ ಅನ್ನ ಹಾಕುತ್ತಿದ್ದವಳು ಅವಳೇ. ನೀರಿನಲ್ಲಿ ಕೊಳೆತು ಸಿಕ್ಕ ಹೆಣ ತನ್ನ ಮಗನದೇ ಎಂದು ಗುರುತು ಹೇಳಿದ್ದವಳು ಅತ್ತೆ. ಆ ಮಾತಿನ ಮೇಲೆಯೇ ಕಸ್ತೂರೆವ್ವ ತಾಳಿ ತೆಗೆದಿದ್ದಳು.

ಅಧಿಕಾರಿ ಕಂಪ್ಯೂಟರ್ ನೋಡುತ್ತ ಹೇಳಿದ: "ನಿನ್ನ ಗಂಡ ಜೀವಂತ ಅದಾನಲ್ಲವ್ವ! ಕಾರವಾರದಾಗ ಹೊಸಾ ರೇಷನ್ ಕಾರ್ಡ್ ಮಾಡಿಸ್ಯಾನ. ಹೆಬ್ಬೆಟ್ಟು ಅವಂದ ಐತಿ. ನೀ ಇಷ್ಟು ವರ್ಷ ತಗೊಂಡ ರೊಕ್ಕ ವಾಪಸ್ ಕಟ್ಟಬೇಕಾಗ್ತದ."

"ಯಾರೋ ಬ್ಯಾರೆಯವ್ರು ಇರಬೇಕ್ರಿ ಸಾಹೇಬ್ರ. ಹೆತ್ತ ತಾಯಿನ್ನ ಕೇಳ್ರಿ, ಇಲ್ಲೇ ಅದಾರ."

ಅಧಿಕಾರಿ ಪರದೆಯನ್ನು ಇವರತ್ತ ತಿರುಗಿಸಿದ. ಫೋಟೊದಲ್ಲಿದ್ದವನು ಮೈ ತುಂಬಿಕೊಂಡಿದ್ದ, ಮೀಸೆ ತೆಗೆದಿದ್ದ. ಆದರೂ ಅವನು ಫಕ್ಕೀರಪ್ಪನೇ.

ಕಸ್ತೂರೆವ್ವ ಪರದೆಯ ಹತ್ತಿರ ಬಗ್ಗಿ ಮತ್ತೊಮ್ಮೆ ನೋಡಿದಳು. ಗಂಡ ತನ್ನನ್ನು ಬಿಟ್ಟು ಓಡಿಹೋಗಿದ್ದ. ಆ ಸಂಕಟದಲ್ಲೂ ಅವಳಿಗೆ ಮುದುಕಿಯ ನೆನಪೇ ಮೊದಲು ಬಂತು. ಅವಳ ಕೈ ಹಿಡಿದು, "ಅತ್ತಿ, ನಿಮ್ಮ ಮಗ ಬದುಕ್ಯಾನ್ರಿ" ಎಂದಳು.

ಮುದುಕಿ ಪರದೆಯತ್ತ ನೋಡಲೇ ಇಲ್ಲ. ಕೈ ಬಿಡಿಸಿಕೊಂಡು ಅಧಿಕಾರಿಯ ಮುಂದೆ ಸೆರಗೊಡ್ಡಿದಳು.

"ಇಕಿದು ಏನರ ಮಾಡ್ರಿ ಯಪ್ಪಾ, ಅವನ ಕಾರ್ಡ್ ಮಾತ್ರ ತಗೀಬ್ಯಾಡ್ರಿ. ಮೊನ್ನೆರ ಮಗಳನ್ನ ಸಾಲಿಗೆ ಹಚ್ಯಾನ. ಹುಡುಗಿ ಥೇಟ್ ನನ್ನಂಗ ಅದಾಳ."