ಅಳಿಯ ಹೊಲಿದ ಮನೆ

ಅಳಿಯ ವಿನಯ್ ಕುಮಾರ್ ಟೆಂಟಿನಿಂದ ಮೂರನೇ ಸಲ ಹೊರಬಂದು ತಲೆಗೆ ತಂಬಿಗೆ ನೀರು ಸುರಿದುಕೊಂಡಿದ್ದನ್ನು ಹೊನ್ನೂರಮ್ಮ ಕಟ್ಟೆಯ ಮೇಲೆ ಕೂತು ನೋಡಿದಳು. ಸೊಕ್ಕೆ ಊರಿನ ಏಪ್ರಿಲ್ ಬಿಸಿಲಿಗೆ ಆ ನೀರು ಅವನ ಕತ್ತಿನವರೆಗೆ ಇಳಿಯುವಷ್ಟರಲ್ಲೇ ಆರುತ್ತಿತ್ತು.

ಹೊನ್ನಾಳಿಯಲ್ಲಿ ಕಾರಿನ ಸೀಟುಗಳಿಗೆ ಕವರ್ ಹೊಲಿಯುವ ವಿನಯ್‌ಗೆ ಊರೂರು ಸುತ್ತುವ ಹುಚ್ಚು. ಎರಡು ಚಕ್ರದ ಕಬ್ಬಿಣದ ಗಾಡಿ ಮಾಡಿಸಿ, ಅದರ ಮೇಲೆ ಬಿಚ್ಚಿದರೆ ಮನೆ, ಮಡಚಿದರೆ ಪೆಟ್ಟಿಗೆ ಆಗುವಂಥ ಟೆಂಟನ್ನು ನಾಲ್ಕು ತಿಂಗಳು ಕೂತು ತಾನೇ ಹೊಲಿದಿದ್ದ. ಅದನ್ನು ಕಾರಿನ ಹಿಂದೆ ಕಟ್ಟಿಕೊಂಡು ಹೆಂಡತಿ ಸುನೀತಾಳ ಜೊತೆ ಮೊದಲು ಬಂದದ್ದು ಅತ್ತೆಯ ಮನೆಗೆ. ಬೇವಿನ ನೆರಳಲ್ಲಿ ನಿಲ್ಲಿಸಿದ್ದಾಯಿತು, ಮೇಲೆ ಬೆಳ್ಳಿ ಬಣ್ಣದ ಹಾಳೆ ಹೊದಿಸಿದ್ದಾಯಿತು, ಬ್ಯಾಟರಿ ಫ್ಯಾನು ಹಚ್ಚಿದ್ದೂ ಆಯಿತು. ಒಳಗೆ ಮಾತ್ರ ಕಾದ ರೊಟ್ಟಿ ಹಂಚು.

ಅಳಿಯನ ಜೊತೆ ನೇರವಾಗಿ ಮಾತಾಡುವ ರೂಢಿ ಹೊನ್ನೂರಮ್ಮನಿಗಿರಲಿಲ್ಲ. "ಸುನೀತಾ, ನಿನ್ನ ಗಂಡನ್ನ ಒಳಗೆ ಕರಿ. ನಮ್ಮ ಮನ್ಯಾಗೆ ಜಾಗ ಇಲ್ಲೇನು?"

"ಅವರು ಬರಲ್ಲವ್ವ. ಇವತ್ತು ಇದ್ರಾಗೆ ಇರಾಕೆ ಆಗ್ಲಿಲ್ಲ ಅಂದ್ರೆ ಪೂರಾ ಬಿಚ್ಚಿ ಸೀಟ್ ಕವರ್ ಮಾಡ್ತೀನಿ ಅಂತ ಕುಂತಾರೆ."

ಹೊನ್ನೂರಮ್ಮ ಎದ್ದು ಟೆಂಟಿಗೆ ಒಂದು ಸುತ್ತು ಹಾಕಿದಳು. ಮುಂದಿನ ಕಿಟಕಿಯೊಳಗೆ ಕೈ ಆಡಿಸಿದಳು. ಹಿಂಬದಿಯ ಬಟ್ಟೆಯನ್ನು ಅಂಗೈಯಿಂದ ತಟ್ಟಿದಳು. "ಗಾಳಿ ಬರಾಕೆ ಕಿಟಕಿ ಇಟ್ಟಾರೆ, ಸರಿ. ಹೋಗಾಕೆ ದಾರಿ ಎಲ್ಲೈತೆ ಅಂತ ಕೇಳು."

ವಿನಯ್‌ಗೆ ಕೇಳಿಸಿತು. ಇಡೀ ಟೆಂಟಿನಲ್ಲಿ ಅವನಿಗೆ ಹೆಚ್ಚು ಹೆಮ್ಮೆಯಿದ್ದದ್ದು ಆ ಹಿಂಬದಿಯ ಮೇಲೇ. ಒಂದೂ ಹೊಲಿಗೆ ಕಣ್ಣಿಗೆ ಬೀಳದಂತೆ ಹೊಲಿದಿದ್ದ. ಕತ್ತರಿ ಹಿಡಿದು ಅದರ ಮುಂದೆ ಬಹಳ ಹೊತ್ತು ನಿಂತ.

"ಕೊಡ್ರಿ ಇಲ್ಲಿ," ಎಂದು ಹೊನ್ನೂರಮ್ಮ ಅವನತ್ತಲೇ ಕೈ ಚಾಚಿದಳು. ಅವನು ಕೊಡಲಿಲ್ಲ. ಹಲ್ಲು ಕಚ್ಚಿ ತಾನೇ ಒಂದು ಕಿಂಡಿ ಕತ್ತರಿಸಿದ.

ಅಷ್ಟರಲ್ಲಿ ಅವಳು ಎಮ್ಮೆಗೆ ಹಿಂಡಿ ತಂದಿದ್ದ ಎರಡು ಖಾಲಿ ಗೋಣಿಚೀಲಗಳನ್ನು ತೊಟ್ಟಿಯಲ್ಲಿ ಅದ್ದಿ ತಂದು ಮುಂದಿನ ಕಿಟಕಿಗೆ ಇಳಿಬಿಟ್ಟಳು. ಗಾಳಿ ಒದ್ದೆ ಚೀಲವನ್ನು ಹಾದು ಒಳಗೆ ಬಂತು, ಹೊಸ ಕಿಂಡಿಯಿಂದ ಹೊರಗೆ ಹೋಯಿತು. ಕಾಲು ಗಂಟೆಯಲ್ಲಿ ಟೆಂಟಿನೊಳಗೆ ಮಡಕೆಯ ತಂಪು, ಜೊತೆಗೆ ಒಂದಿಷ್ಟು ಶೇಂಗಾ ಹಿಂಡಿಯ ವಾಸನೆ.

"ಸರಿ ಆಗೈತೋ ಇಲ್ಲೋ ನೋಡ್ತೀನಿ ತಡಿ," ಎಂದು ಹೊನ್ನೂರಮ್ಮ ಒಳಗೆ ಹೋಗಿ ಅಲ್ಲಿದ್ದ ಮಡಚುವ ಮಂಚದ ತುದಿಯಲ್ಲಿ ಕೂತಳು. ಆಮೇಲೆ ಕಾಲು ಮೇಲಿಟ್ಟಳು. ಆಮೇಲೆ ಗೊರಕೆ ಕೇಳಿಸಿತು. ಗಂಡ ಹೆಂಡತಿ ಕಟ್ಟೆಯ ಮೇಲೆ ಬೆವರುತ್ತ ಕೂತು, ಹೊತ್ತಿಳಿಯುವವರೆಗೆ ಸರದಿಯಂತೆ ಎದ್ದು ಚೀಲಕ್ಕೆ ನೀರು ಚಿಮುಕಿಸಿದರು. ಟೆಂಟು ಬಿಚ್ಚುವ ಮಾತನ್ನು ವಿನಯ್ ಮತ್ತೆ ಎತ್ತಲಿಲ್ಲ.

ಸಂಜೆ ಎಚ್ಚರವಾದವಳು ಹೊರಗೆ ಬರಲಿಲ್ಲ. ಕಿಂಡಿಯಿಂದ ಮುಖವಷ್ಟೇ ಹೊರಗೆ ಹಾಕಿ, "ನಾಳೆ ಇದನ್ನ ಎಲ್ಲಿಗೆ ಒಯ್ತೀರಿ?" ಎಂದು ಅಳಿಯನನ್ನು ಕೇಳಿದಳು.

"ಸೂಳೆಕೆರೆಗೆ ಅತ್ತೆ. ನೀರಿನ ದಡದಾಗೆ ಎರಡು ದಿನ ಇದ್ದು ಬರೋಣ ಅಂತ."

ಹೊನ್ನೂರಮ್ಮ ಪಕ್ಕದ ಮನೆಯ ಕಡೆ ಕತ್ತು ಹೊರಳಿಸಿ ಕೂಗಿದಳು:

"ಓಬವ್ವಾ, ಎರಡು ದಿನ ನಮ್ಮ ಎಮ್ಮೆ ಹಾಲು ನೀನೇ ಕರ್ಕೊಳ್ಳೇ."