ದೊರೆಯ ದನಿ

ಆ ಕೆರಿಬಿಯನ್ ದ್ವೀಪದಲ್ಲಿ ಸತ್ತವರು ಮಣ್ಣಾದರೂ ಅವರ ನೆರಳು ಕೆಲಸ ಬಿಡುವುದಿಲ್ಲ. ನಾನು ತಂಗಿದ್ದ ಮನೆಯ ಹಿತ್ತಿಲಲ್ಲಿ ಮನೆಯೊಡತಿ ಮಾರ್ವಾ ಅಜ್ಜಿಯ ಅಜ್ಜನ ಅಜ್ಜ, ತೋಟದ ಗುಲಾಮ, ಇಲ್ಲದ ಕಬ್ಬನ್ನು ಇನ್ನೂ ಕಡಿಯುತ್ತಿದ್ದ. ಪಕ್ಕದಲ್ಲೇ ಅಜ್ಜಿ ಬಟ್ಟೆ ಒಣಹಾಕುತ್ತಿದ್ದಳು.

"ನಾನು ಸಾಕು ಅಂದ್ರೆ ಕೇಳಲ್ಲ ಮಗಾ, ತೋಟದ ದೊರೆನೇ ಹೇಳ್ಬೇಕು. ನೀನು ಮಿಮಿಕ್ರಿಯವನಲ್ವಾ, ಅವನ ದನಿ ತೆಗಿ. ಪಾಪ, ಒಂದಿಷ್ಟು ಕೂತ್ಕೊಳ್ಲಿ."

"ದೊರೆ ಏನು, ಅವನ ಕುದುರೇನೂ ಮಾಡ್ತೀನಿ ಅಜ್ಜಿ!"

ಗಂಟಲು ಸರಿಮಾಡಿಕೊಂಡು, "ಏಯ್, ಸಾಕು!" ಎಂದು ದೊರೆಯ ಇಂಗ್ಲಿಷಿನಲ್ಲಿ ಗದರಿದೆ. ಚಪ್ಪಾಳೆಯ ಆಸೆಗೆ ಗದರಿಕೆ ತುಸು ಹೆಚ್ಚೇ ಆಯಿತು.

ನೆರಳು ಕತ್ತಿ ಕೆಳಗಿಟ್ಟಿತು. ಅಜ್ಜಿಯ ಮುಖ ಅರಳಿತು. ಆದರೆ ನೆರಳು ಕೂರಲಿಲ್ಲ. ಮೆಲ್ಲನೆ ನನ್ನೆದುರಿಗೆ ಬಂದು, ಅಂಗಿ ಕಳಚಿ, ಏಟಿಗೆ ಬೆನ್ನೊಡ್ಡಿ ನಿಂತಿತು.