ನೂರು ವರ್ಷಕ್ಕೊಂದು ಕೂದಲು

"ನನ್ನ ಮೀಸೆ ಉಳೀತು ಬಿಡ್ರಿ," ಎಂದು ನಕ್ಕ ಕುರುಬರ ಕಾಟಪ್ಪ. ತೊಡೆಯ ಮೇಲೆ ಕುರಿಮರಿ, ಮುಂದೆ ಉಣ್ಣೆಯ ರಾಶಿ. ಅವನ ಕತ್ತರಿಯ ಸದ್ದಿಗೇ ಹಿರಿಯೂರು ಸೀಮೆಯ ಕುರಿಗಳು ತಾವಾಗಿ ಬೆತ್ತಲಾಗುತ್ತಿದ್ದವು. ಜೈನರ ಪಲ್ಯೋಪಮವೆಂಬ ಕಾಲವನ್ನು ತಾನು ಅಳೆಯದಿದ್ದರೆ ಮೀಸೆ ಬೋಳಿಸುವುದಾಗಿ ಪಣ ಕಟ್ಟಿದ್ದ. "ಮಾರಿಕಣಿವೆಯಷ್ಟು ಗುಂಡಿಗೆ ಮರಿಗೂದ್ಲು ತುಂಬ್ಬೇಕು, ಅಷ್ಟೇ ಅಲ್ವಾ ಪಾಯಣ್ಣೋರೆ? ನಮ್ಮ ಮಂದೆಗೆ ಮೂರು ವರ್ಷ ಸಾಕು."

ಜವಳಿ ಅಂಗಡಿಯ ಜೈನರ ಪಾಯಣ್ಣ ತಲೆಯಾಡಿಸಿದರು. "ತುಂಬಿದ ಮೇಲೇ ಲೆಕ್ಕ ಶುರು ಕಣಪ್ಪ. ನೂರು ವರ್ಷಕ್ಕೆ ಒಂದೇ ಕೂದ್ಲು ತೆಗೀಬೇಕು. ಗುಂಡಿ ಬರಿದಾದಾಗ ಒಂದು ಪಲ್ಯೋಪಮ. ಅಂಥವು ಕೋಟಿ ಕೋಟಿ ಕಳೆದ್ರೂ ಕಾಲಚಕ್ರ ಒಂದು ಸುತ್ತು ಬರಲ್ಲ."

ಕತ್ತರಿ ನಿಂತಿತು. ಕಾಟಪ್ಪ ರಾಶಿಯಿಂದ ಒಂದೇ ಒಂದು ಕೂದಲನ್ನು ಎತ್ತಿ ಬಿಸಿಲಿಗೆ ಹಿಡಿದ. ತಾತ ಮೇಯಿಸಿದ ಮಂದೆ, ಅಪ್ಪ ನೇಯ್ದ ಕಂಬಳಿ, ತನ್ನ ನರೆತ ತಲೆ, ಮಾರಿಕಣಿವೆಯಲ್ಲಿ ಏಳುತ್ತಿದ್ದ ಮಹಾರಾಜರ ಅಣೆಕಟ್ಟೆ, ಎಲ್ಲವೂ ಆ ಒಂದು ಎಳೆಯೊಳಗೇ ಮುಗಿದುಹೋದವು. ರಾಶಿ ಮಾತ್ರ ಎಳ್ಳಷ್ಟೂ ತಗ್ಗಿರಲಿಲ್ಲ. ಕೂದಲು ಹಾರೀತೆಂದು ಅವನು ಉಸಿರು ಬಿಗಿಹಿಡಿದ.

"ಮೀಸೆ?" ಎಂದರು ಪಾಯಣ್ಣ ಮೆಲ್ಲಗೆ.

ಕಾಟಪ್ಪ ಮೀಸೆಯಿಂದ ಒಂದು ಕೂದಲು ಕಿತ್ತು ಅವರ ಅಂಗೈಯಲ್ಲಿಟ್ಟ. "ಈ ನೂರು ವರ್ಷಕ್ಕೆ ಇದು, ಅಣ್ಣೋರೆ."